ಕಂಕುಳಲ್ಲಿ ದೊಣ್ಣೆ

ಬೇಸಿಗೆಯ ಬಿಸಿಲಲ್ಲಿ ಚಾಮರಾಜಪೇಟೆಯ ಬೀದಿಗೆ ಕೋಟು ತೊಟ್ಟು ಇಳಿಯುವವನು ಒಂದೋ ಮದುಮಗನಾಗಿರಬೇಕು, ಇಲ್ಲವೇ ವಕೀಲನಾಗಿರಬೇಕು. ಮರಿಯಣ್ಣನವರು ಎರಡೂ ಆಗಿರಲಿಲ್ಲ. ಕೃಷಿ ಇಲಾಖೆಯಿಂದ ನಿವೃತ್ತರಾಗಿ, ದಿನಕ್ಕೊಮ್ಮೆ ತರಕಾರಿಗೂ ಒಮ್ಮೆ ಪಾರ್ಕಿಗೂ ಹೋಗಿ ಬರುತ್ತಿದ್ದ ಸಾಧು ಮನುಷ್ಯ. ಆದರೆ ಆ ಬೆಳಿಗ್ಗೆ ಅವರಿಗೆ ಕೋಟು ಬೇಕೇ ಬೇಕಾಗಿತ್ತು. ಕೋಟಿನೊಳಗೆ, ಎಡಗಂಕುಳಲ್ಲಿ, ತಂದೆಯ ಕಾಲದ ರಿವಾಲ್ವರ್ ತೂಗುತ್ತಿತ್ತು.

ಮಾಗಡಿ ಕಡೆಯ ಪಟೇಲರಾಗಿದ್ದ ತಂದೆ ತೀರಿಕೊಂಡ ಮೇಲೆ ಜಮೀನು ತಮ್ಮಂದಿರಿಗೂ ರಿವಾಲ್ವರ್ ಹಿರಿಮಗನಿಗೂ ಬಂದಿತ್ತು. ಲೈಸೆನ್ಸೂ ಅವರ ಹೆಸರಿಗೆ ವರ್ಗವಾಗಿ, ಆಯುಧವು ಬೀರುವಿನಲ್ಲಿ ಹೆಂಡತಿಯ ರೇಷ್ಮೆ ಸೀರೆಗಳ ಕೆಳಗೆ ನೆಮ್ಮದಿಯಾಗಿ ಮಲಗಿತ್ತು. ಅಷ್ಟರಲ್ಲಿ ಚುನಾವಣೆ ಘೋಷಣೆಯಾಯಿತು. ಠಾಣೆಯಿಂದ ಫೋನ್ ಬಂತು: "ಎಲೆಕ್ಷನ್ ಮುಗಿಯೋವರ್ಗೂ ವೆಪನ್ ತಂದು ಸ್ಟೇಷನ್ನಲ್ಲಿ ಡೆಪಾಸಿಟ್ ಮಾಡಿ ಸಾರ್. ಇವತ್ತೇ ಕೊನೆ. ತರೋವಾಗ ಊರಿಗೆಲ್ಲ ತೋರಿಸ್ಕೊಂಡು ಬರ್ಬೇಡಿ."

ಹೆಂಡತಿ ಲಕ್ಷ್ಮೀದೇವಮ್ಮ ಮಲ್ಲೇಶ್ವರದ ತಂಗಿಯ ಮನೆಗೆ ಹೊರಡುತ್ತಾ ಉಪಾಯ ಹೇಳಿಕೊಟ್ಟಿದ್ದರು. "ಟವಲ್ಲಲ್ಲಿ ಸುತ್ತಿ ಬ್ಯಾಗಿಗೆ ಹಾಕ್ಕೊಳ್ಳಿ. ಮೇಲೊಂದು ಕಟ್ಟು ದಂಟಿನ ಸೊಪ್ಪು ಇಟ್ಕೊಳ್ಳಿ. ಆಟೋದಲ್ಲಿ ಹೋಗಿ ಕೊಟ್ಟು ಬನ್ನಿ. ಅಷ್ಟೇ."

ಉಪಾಯ ಚೆನ್ನಾಗಿಯೇ ಇತ್ತು. ಆದರೆ ಮರಿಯಣ್ಣನವರಿಗೆ ರಿವಾಲ್ವರಿನಿಂದ ಬೇರೊಂದು ಕೆಲಸ ಆಗಬೇಕಾಗಿತ್ತು.

ಪಕ್ಕದ ಮನೆಯ ಗೌರೀಶನದು ಸೈಟು ಕೊಂಡು ಮಾರುವ ವ್ಯವಹಾರ. ಅವನ ಬಿಳಿಯ ಕಾರು ಸಣ್ಣದೊಂದು ಕಲ್ಯಾಣ ಮಂಟಪದಷ್ಟಿತ್ತು. ಹೊಂಗೆಯ ನೆರಳಿಗಾಗಿ ಅವನು ಅದನ್ನು ತಂದು ನಿಲ್ಲಿಸುತ್ತಿದ್ದುದು ಮರಿಯಣ್ಣನವರ ಗೇಟಿಗೆ ಅಡ್ಡಲಾಗಿ. ಅವರ ಸ್ಕೂಟರು ಕಾಂಪೌಂಡಿನೊಳಗೆ ಜೀವಾವಧಿ ಕೈದಿಯಂತೆ ನಿಂತಿತ್ತು. ನಗುತ್ತಾ ಕೇಳಿದ್ದರು, ಬೇಡಿದ್ದರು, ಒಮ್ಮೆ ಕೆಮ್ಮಿಯೂ ನೋಡಿದ್ದರು. "ರೋಡು ಎಲ್ರದ್ದೂ ಅಲ್ವಾ ಅಂಕಲ್?" ಎಂಬ ಒಂದೇ ಉತ್ತರ. ಈ ಬೀದಿಯಲ್ಲಿ ತನ್ನ ಮಾತಿಗೆ ತೂಕವಿಲ್ಲ ಎಂಬುದು ಅವರನ್ನು ಒಳಗೇ ಕೊರೆಯುತ್ತಿತ್ತು. ಹರೆಯದಲ್ಲಿ ಬಾಡಿಗೆಗೆ ತಂದು ಓದಿದ ಪತ್ತೇದಾರಿ ಕಾದಂಬರಿಗಳಲ್ಲಿ ಕಂಕುಳಲ್ಲಿ ಭಾರವಿದ್ದವನು ದನಿ ಎತ್ತರಿಸಿದ್ದೇ ಇಲ್ಲ, ಕೇಳಿದವರೇ ಬೆವರುತ್ತಿದ್ದರು. ರಿವಾಲ್ವರನ್ನು ತೋರಿಸುವ ಯೋಚನೆ ಮರಿಯಣ್ಣನವರಿಗೆ ಕನಸಿನಲ್ಲಿಯೂ ಇರಲಿಲ್ಲ. ಅದರ ತೂಕದಲ್ಲಿ ಸ್ವಲ್ಪ ತಮ್ಮ ಮಾತಿಗೂ ಇಳಿದರೆ ಸಾಕಾಗಿತ್ತು. ಅದಕ್ಕೆಂದೇ ಪೊಲೀಸರ ಬೆಲ್ಟು, ಟೋಪಿ ಮಾರುವ ಅಂಗಡಿಗೆ ಹೋಗಿ, ಹೆಗಲಿಗೆ ಏರಿಸಿ ಕಂಕುಳಲ್ಲಿ ಆಯುಧ ಇಳಿಬಿಡುವ ಚರ್ಮದ ಹೋಲ್‌ಸ್ಟರ್ ಒಂದನ್ನು ಗುಟ್ಟಾಗಿ ತಂದಿದ್ದರು. ನಾಳೆಯಿಂದ ರಿವಾಲ್ವರ್ ಠಾಣೆಯಲ್ಲಿರುತ್ತದೆ. ಇಂದು ತೆರೆಯದ ಗೇಟು ಇನ್ನೆಂದೂ ತೆರೆಯದು.

ಹೋಲ್‌ಸ್ಟರ್ ತೊಡುವುದು ಕಾದಂಬರಿಯಲ್ಲಿ ಅರ್ಧ ವಾಕ್ಯದ ಕೆಲಸ. ಮರಿಯಣ್ಣನವರು ಮಾತ್ರ ಬಲೆಗೆ ಬಿದ್ದ ಹೆಗ್ಗಣದಂತೆ ಕನ್ನಡಿಯ ಮುಂದೆ ಒದ್ದಾಡಿದರು. ಗುಂಡುಗಳನ್ನು ತೆಗೆದು ಪ್ಯಾಂಟಿನ ಜೇಬಿಗೆ ಹಾಕುತ್ತಿದ್ದಾಗ ನಡುವೆ ಹೆಂಡತಿಯ ಫೋನ್ ಬಂತು: "ಸೊಪ್ಪು ತಂದ್ರಾ?" "ತಂದೆ," ಎಂದು ಸುಳ್ಳು ಹೇಳಿ, ಕೈಗೆ ಸಿಕ್ಕ ಪಟ್ಟಿಗಳನ್ನೆಲ್ಲ ಎಳೆದು ಬಿಗಿದರು. ಪಕ್ಕಕ್ಕೆ ತಿರುಗಿ ನೋಡಿಕೊಂಡಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ರಿವಾಲ್ವರ್ ಕಂಕುಳಲ್ಲಿ ಅಡ್ಡಡ್ಡ ಮಲಗಿತ್ತು. ಹಿಡಿ ಮುಂದಕ್ಕೆ, ನಳಿಗೆ ಹಿಂದಕ್ಕೆ. ಎದುರಿನವನಿಗೆಂದು ಕಟ್ಟಿಕೊಂಡದ್ದು ಬೆನ್ನ ಹಿಂದಿನವನಿಗೆ ಗುರಿಯಿಟ್ಟು ನಿಂತಿತ್ತು.

ಅದನ್ನು ಯೋಚಿಸುತ್ತಾ ಕೂರಲು ವೇಳೆಯಿರಲಿಲ್ಲ. ಕೋಟು ತೊಟ್ಟು ಹೊರಬಂದರು. ಗೌರೀಶ್ ಕಾರಿನ ಗಾಜು ಒರೆಸುತ್ತಿದ್ದ.

"ಗೌರೀಶ್, ಕಾರು ತೆಗೀರಿ," ಎಂದರು ಮರಿಯಣ್ಣ.

"ಏನಂಕಲ್, ಕೋಟು! ಯಾರ ಮದ್ವೆ?"

"ಕಾರು ತೆಗೀರಿ ಅಂದೆ."

"ಪಕ್ಕದಲ್ಲಿ ಜಾಗ ಇದ್ಯಲ್ಲ ಅಂಕಲ್, ಸಣ್ಣಕ್ ಇದೀರ, ತೂರ್ಕೊಂಡ್ ಬಂದ್ಬಿಡಿ."

ಕೈಯಲ್ಲಿ ಶರಣಾರ್ಥಿ, ಕಂಕುಳಲ್ಲಿ ದೊಣ್ಣೆ ಎಂದು ಗಾದೆ ಕಟ್ಟಿದವನು ಶರಣಾರ್ಥಿಯನ್ನಷ್ಟೇ ಜನ ನೋಡುತ್ತಾರೆ ಎಂಬುದನ್ನು ಹೇಳದೆ ಬಿಟ್ಟಿದ್ದ. ಕಾಣದ ಆಯುಧಕ್ಕೆ ಯಾರೂ ಹೆದರುವುದಿಲ್ಲ. ಕಂಡರೆ ಹೆದರುವವರ ಜೊತೆಗೆ ಪೊಲೀಸರೂ ಬರುತ್ತಾರೆ. ಮರಿಯಣ್ಣನವರು ನಿಟ್ಟುಸಿರಿಟ್ಟು, ಎಂದಿನಂತೆ ಕೈ ಮೇಲೆತ್ತಿ, ಗೇಟಿಗೂ ಕಾರಿಗೂ ನಡುವೆ ಏಡಿಯಂತೆ ಪಕ್ಕಪಕ್ಕಕ್ಕೆ ಸರಿದರು. ಕಾರಿನ ಕನ್ನಡಿಗೆ ಕೋಟು ಸಿಕ್ಕಿ ತೆರೆದುಕೊಂಡಿತು.

ಎದುರುಮನೆಯ ಗಂಗರತ್ನಮ್ಮ ಬಾಗಿಲಲ್ಲಿ ನಿಂತು ಹೂ ಬಿಡಿಸುತ್ತಿದ್ದರು. ಬೀದಿಯಲ್ಲಿ ಅವರ ಕಣ್ಣಿಗೆ ಬೀಳದ ಸಂಗತಿ ಇನ್ನೂ ನಡೆದಿರಲಿಲ್ಲ.

"ಏನ್ರೀ ಮರಿಯಣ್ಣೋರೇ ಅದು, ಎದೆಗೆ ಕಪ್ಪು ಪಟ್ಟಿ?"

ಕೋಟನ್ನು ಎಳೆದುಕೊಳ್ಳುತ್ತಾ ಮರಿಯಣ್ಣನವರು ತಡವರಿಸಿದರು. ಬಾಯಿ ನಿಜವನ್ನೇ ಆಡಿಬಿಟ್ಟಿತು. "ಅದು... ಹೋಲ್‌ಸ್ಟ..."

"ಅಯ್ಯೋ ದೇವ್ರೇ! ಹೋಲ್ಟರ್ರಾ!" ಹೂವಿನ ಬುಟ್ಟಿ ಕೆಳಗಿಟ್ಟು ಗಂಗರತ್ನಮ್ಮ ಬೀದಿ ದಾಟಿ ಬಂದೇಬಿಟ್ಟರು. "ಹೋದ್ವರ್ಷ ನಮ್ಮನೆಯವ್ರಿಗೂ ಹಾಕಿದ್ರಲ್ಲ! ಎದೆಗೆ ಪಟ್ಟಿ ಕಟ್ಟಿ, ಒಂದು ಡಬ್ಬಿ ಇಟ್ಟು, ಹಗಲೂ ರಾತ್ರಿ ಹಾರ್ಟು ಹೆಂಗ್ ಹೊಡ್ಕೊಳುತ್ತೆ ಅಂತ ಬರ್ಕೊಳುತ್ತೆ. ಏಯ್ ಗೌರೀಶ! ಹಾರ್ಟ್ ಪೇಷೆಂಟನ್ನ ಇಲಿ ತೂರಿಸ್ದಂಗೆ ತೂರಿಸ್ತಿದೀಯಲ್ಲೋ, ಮನುಷ್ಯನಾ ನೀನು?"

ಗೌರೀಶನ ಮುಖ ಬಿಳಿಚಿತು. ಅವನು ಕಾರು ಹತ್ತಿ, ಹಿಂದಕ್ಕೆ ತೆಗೆದ.

ಗೇಟಿನ ಮುಂದೆ ಬೀದಿ ಬಟಾಬಯಲಾಗಿ ಹರಡಿಕೊಂಡಿತು. ಮರಿಯಣ್ಣನವರು ಅದನ್ನೇ ನೋಡುತ್ತಾ ನಿಂತರು. "ಹೋಲ್ಟರ್ ಅಲ್ಲಮ್ಮಾ" ಎನ್ನುವ ಮಾತು ಗಂಟಲಿನವರೆಗೆ ಬಂದಿತ್ತು. ಅದನ್ನು ನುಂಗಿಕೊಂಡರು. ಆಯುಧದಿಂದ ಆಗದ್ದು ಕಾಯಿಲೆಯಿಂದ ಆಗಿತ್ತು. ತಮ್ಮನ್ನು ಕಂಡು ಹೆದರದವರು ತಮಗಾಗಿ ಹೆದರಿದ್ದರು. ಎರಡರಲ್ಲಿ ಯಾವುದು ದೊಡ್ಡ ಮರ್ಯಾದೆ ಎಂದು ಅವರಿಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ.

"ಎಲ್ಲಿಗ್ ಹೊರಟಿದ್ರಿ ಈ ಸ್ಥಿತೀಲಿ?"

"ಡಾ... ಡಾಕ್ಟ್ರ ಹತ್ರ."

"ಸ್ಕೂಟರ್ ಮುಟ್ಬೇಡಿ. ಗೌರೀಶ, ಡೋರ್ ತೆಗಿ. ನಾನೂ ಬರ್ತೀನಿ."

ಮುಂದಿನ ಸೀಟಿನಲ್ಲಿ ಅವರನ್ನು ಮಣ್ಣಿನ ಗಣಪತಿಯನ್ನು ಇಳಿಸುವಂತೆ ಕೂರಿಸಿದರು. ಗಂಗರತ್ನಮ್ಮ ಮಜ್ಜಿಗೆಯ ಬಾಟಲಿ ಹಿಡಿದು ಸರಿಯಾಗಿ ಅವರ ಹಿಂದೆಯೇ ಕುಳಿತರು. ಕಾರು ಹೊರಟಿತು. ಮರಿಯಣ್ಣನವರು ಸೀಟಿಗೆ ಒರಗಬೇಕೆನ್ನುವಷ್ಟರಲ್ಲಿ ಕನ್ನಡಿಯಲ್ಲಿ ಕಂಡದ್ದು ನೆನಪಾಯಿತು. ನಳಿಗೆ ಹಿಂದಕ್ಕಿದೆ. ಹಿಂದೆ ಗಂಗರತ್ನಮ್ಮ ಇದ್ದಾರೆ.

ಅವರು ಬೆನ್ನು ಒರಗಿಸದೆ ಬಾಗಿಲ ಕಡೆಗೆ ಓರೆಯಾದರು. ನಳಿಗೆ ಗೌರೀಶನ ಕಡೆಗೆ ತಿರುಗಿತು. ಬೆಚ್ಚಿ ಇತ್ತ ತಿರುಗಿದರು. ಮತ್ತೆ ಗಂಗರತ್ನಮ್ಮ.

"ನೋವಾಗ್ತಿದ್ಯಾ?" ಎಂದು ಅವರು ಮುಂದಕ್ಕೆ ಬಾಗಿದರು.

"ಬಾಗ್ಬೇಡಿ!" ಮರಿಯಣ್ಣ ಕಿರುಚಿದರು. "ಹಿಂದಕ್ ಕೂತ್ಕೊಳ್ಳಿ... ಅಲ್ಲ, ಆ ಪಕ್ಕಕ್ಕೆ ಸರೀರಿ!"

"ಪಾಪ, ಗಾಳಿ ಸಾಲ್ತಿಲ್ಲ. ಗೌರೀಶ, ಏಸಿ ಜಾಸ್ತಿ ಮಾಡೋ."

ಖಾಲಿ ಮಾಡಿದ್ದೇನಲ್ಲ ಎಂದು ಮರಿಯಣ್ಣನವರು ತಮಗೆ ತಾವೇ ಹೇಳಿಕೊಂಡರು. ಮಾಡಿದೆನೆ? ಗುಂಡು ತೆಗೆಯುತ್ತಿದ್ದಾಗ ಫೋನ್ ಬಂದಿತ್ತು. ಸೊಪ್ಪಿನ ಮಾತು ಮುಗಿದ ಮೇಲೆ ಮತ್ತೆ ತೆಗೆದೆನೋ, ಪಟ್ಟಿ ಬಿಗಿದೆನೋ? ಜೇಬಿಗೆ ಕೈ ಹಾಕಿದರು. ಗುಂಡುಗಳು ಕಡಲೆಕಾಯಿಯಂತೆ ಒಂದಕ್ಕೊಂದು ಜಾರಿದವೇ ಹೊರತು ಲೆಕ್ಕಕ್ಕೆ ಸಿಗಲಿಲ್ಲ. ರಸ್ತೆಯ ಪ್ರತಿ ಹಳ್ಳಕ್ಕೂ ಅವರ ಎದೆ ಹಾರಿ ಬೀಳತೊಡಗಿತು. ಹಿಂದೆ ಕುಳಿತ ಗಂಗರತ್ನಮ್ಮ ಮಜ್ಜಿಗೆಗೆ ಉಪ್ಪು ಕಡಿಮೆ ಹಾಕಿದ್ದೇನೆ, ಹಾರ್ಟಿಗೆ ಒಳ್ಳೆಯದು ಎಂದು ಹೇಳುತ್ತಿದ್ದರು. ಒಳ್ಳೆಯದನ್ನು ಬಯಸುವವರೆಲ್ಲ ಸಾಮಾನ್ಯವಾಗಿ ಮನುಷ್ಯನ ಬೆನ್ನ ಹಿಂದೆಯೇ ಇರುತ್ತಾರಲ್ಲ ಎಂದು ಅವರಿಗೆ ಮೊದಲ ಬಾರಿಗೆ ಅನ್ನಿಸಿತು.

ಸಿಗ್ನಲ್ಲಿನಲ್ಲಿ ಕಾರು ನಿಂತಿತು. ರಸ್ತೆಯಾಚೆ ಪೊಲೀಸ್ ಠಾಣೆಯ ಫಲಕ ಕಂಡಿತು. ಮರಿಯಣ್ಣನವರು ಬಾಗಿಲು ತೆರೆದು ನೆಗೆದರು.

"ಅಂಕಲ್! ಓಡ್ಬಾರ್ದು!"

"ಯಾರಾದ್ರೂ ಹಿಡೀರಿ! ಹಾರ್ಟ್ ಪೇಷೆಂಟು!" ಎಂದು ಗಂಗರತ್ನಮ್ಮ ಕೂಗುತ್ತಿದ್ದಂತೆಯೇ ಸಿಗ್ನಲ್ ಹಸಿರಾಗಿ, ನುಗ್ಗಿ ಬಂದ ವಾಹನಗಳ ಪ್ರವಾಹ ಅವರಿಬ್ಬರನ್ನೂ ಈಚೆಯೇ ತಡೆದು ನಿಲ್ಲಿಸಿತು.

ಠಾಣೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಪ್ರಸನ್ನ ಕುಳಿತಿದ್ದರು. ಮರಿಯಣ್ಣನವರು ಏದುಸಿರು ಬಿಡುತ್ತಾ ಕೋಟು ಬಿಚ್ಚಿದರು. ರಿವಾಲ್ವರ್ ಮಾತ್ರ ಹೊರಗೆ ಬರಲೊಲ್ಲದು. ಬೆವರಿಗೆ ಹೋಲ್‌ಸ್ಟರಿನ ಚರ್ಮ ಉಬ್ಬಿ, ಗುಂಡಿ ಕಚ್ಚಿಕೊಂಡಿತ್ತು. ಒಬ್ಬ ಕಾನ್‌ಸ್ಟೆಬಲ್ ಪಟ್ಟಿ ಹಿಡಿದು, ಇನ್ನೊಬ್ಬ ತೋಳು ಹಿಡಿದು ಎಳೆಯಬೇಕಾಯಿತು.

"ಮನೆಗೆ ಕಳ್ಳ ಬಂದ್ರೆ ಕಾಫಿ ಕೊಟ್ಟು ಕೂರಿಸ್ಬೇಕಾಗುತ್ತೆ ಯಜಮಾನ್ರೇ, ನೀವು ಇದನ್ನ ಹೊರಗೆ ತೆಗಿಯೋವರ್ಗೂ," ಎಂದು ನಗುತ್ತಾ ಪ್ರಸನ್ನ ರಿವಾಲ್ವರ್ ಬಿಚ್ಚಿದರು. ನಗು ನಿಂತಿತು. ಅಂಗೈಗೆ ಒಂದು ಗುಂಡು ಉರುಳಿ ಬಿತ್ತು.

ಮರಿಯಣ್ಣನವರು ಆ ಒಂದು ಗುಂಡನ್ನು ನೋಡಿದರು. ಅದು ಅವರ ಕಿರುಬೆರಳಿನ ತುದಿಯಷ್ಟಿತ್ತು. ಅಷ್ಟು ದೂರ ಅದು ಗಂಗರತ್ನಮ್ಮನವರ ಎದೆಯನ್ನೇ ನೋಡುತ್ತಾ ಬಂದಿತ್ತು.

ಪ್ರಸನ್ನ ರಿವಾಲ್ವರನ್ನು ಡ್ರಾಯರಿಗೆ ಸೇರಿಸಿ, ಮರಿಯಣ್ಣನವರು ಮತ್ತೆ ಕೋಟು ತೊಡುವುದಕ್ಕೂ ಗಂಗರತ್ನಮ್ಮ, ಗೌರೀಶ್ ಒಳಗೆ ನುಗ್ಗುವುದಕ್ಕೂ ಸರಿಹೋಯಿತು.

"ಸಾರ್, ಇವ್ರನ್ನ ನಿಲ್ಲಿಸ್ಕೊಂಡ್ ಮಾತಾಡಿಸ್ಬೇಡಿ! ಹಾರ್ಟ್ ವೀಕು. ಹೋಲ್ಟರ್ ಹಾಕಿದಾರೆ!"

ಪ್ರಸನ್ನ ಹುಬ್ಬೇರಿಸಿದರು. "ಹೌದೇನ್ರೀ? ಹಾರ್ಟ್ ಪ್ರಾಬ್ಲಮ್ ಇದ್ಯಾ? ಹಂಗಿದ್ರೆ ಲೈಸೆನ್ಸ್ ಮುಂದುವರಿಸೋದು ಕಷ್ಟ. ಫಿಟ್‌ನೆಸ್ ಸರ್ಟಿಫಿಕೇಟ್ ತರೋವರ್ಗೂ ನಿಮ್ದು ವಾಪಸ್ ಕೊಡೋಕಾಗಲ್ಲ."

"ನಾನೂ ಅದೇ ಬಡ್ಕೊಂಡೆ ಸಾರ್," ಎಂದರು ಗಂಗರತ್ನಮ್ಮ. "ಇನ್ಮೇಲೆ ಗಾಡಿ ಓಡಿಸ್ಬೇಡಿ ಅಂತ."

"ಹೇಳಿ ಯಜಮಾನ್ರೇ. ಕಾಯಿಲೆ ಇದ್ಯೋ ಇಲ್ವೋ?"

ಇಲ್ಲ ಎಂದರೆ ತಂದೆಯ ರಿವಾಲ್ವರ್ ಮರಳಿ ಬೀರುವಿಗೆ ಬರುತ್ತದೆ. ಬಿಳಿಯ ಕಾರೂ ಮರಳಿ ಗೇಟಿಗೆ ಬರುತ್ತದೆ. ಇದೆ ಎಂದರೆ ಪಟೇಲರ ಮನೆತನದ ಆಯುಧ ಇಲ್ಲಿಯೇ ಉಳಿಯುತ್ತದೆ. ಗೌರೀಶ್ ಕೈಕಟ್ಟಿ ನಿಂತಿದ್ದ; ಅವರ ಮುಂದೆ ಅವನು ಹಾಗೆ ನಿಂತದ್ದು ಅದೇ ಮೊದಲು. ಮೇಜಿನ ಮೇಲೆ, ಫೈಲಿನ ಮರೆಯಲ್ಲಿ, ಪ್ರಸನ್ನ ಇಟ್ಟಿದ್ದ ಆ ಗುಂಡು ಇನ್ನೂ ಸಣ್ಣಗೆ ಹೊಳೆಯುತ್ತಿತ್ತು. ಅದನ್ನು ಮತ್ತೊಮ್ಮೆ ಕಂಕುಳಿಗೆ ಕಟ್ಟಿಕೊಳ್ಳುವ ಧೈರ್ಯ ತಮ್ಮಲ್ಲಿಲ್ಲ ಎಂಬುದು ಮರಿಯಣ್ಣನವರಿಗೆ ಖಚಿತವಾಗಿತ್ತು.

"ಇದೆ ಸಾರ್," ಎಂದರು.

ದಾಖಲೆ ಬರೆಯುವವರು ಬಂದು, ಬರೆದು, ಮೊಹರು ಹಾಕುವಷ್ಟರಲ್ಲಿ ಸಂಜೆಯಾಯಿತು. ಗಂಗರತ್ನಮ್ಮ ಹೊರಗಿನ ಬೆಂಚಿನಲ್ಲಿ ಫೋನ್ ಹಿಡಿದು ಕುಳಿತಿದ್ದರು. ಮರಿಯಣ್ಣನವರು ಹೊರಬಂದಾಗ ಕಂಕುಳು ಹಗುರಾಗಿತ್ತು. ಬಂದೂಕಿಲ್ಲದೆ, ಕೂಗಾಟವಿಲ್ಲದೆ ಗೇಟು ತಮ್ಮದಾಯಿತಲ್ಲ ಎಂಬ ತೃಪ್ತಿ ಅವರ ಮುಖದಲ್ಲಿತ್ತು. ಮನೆಗೆ ಹೋದೊಡನೆ ಸ್ಕೂಟರನ್ನು ಒಮ್ಮೆ ಹೊರತೆಗೆದು, ಸುಮ್ಮನೆ, ಮತ್ತೆ ಒಳಗಿಡಬೇಕೆಂದುಕೊಂಡರು.

ಕಾರು ಬೀದಿಯ ತಿರುವಿನಲ್ಲಿಯೇ ನಿಂತಿತು. ಮುಂದೆ ಹೋಗಲು ದಾರಿಯಿರಲಿಲ್ಲ.

ಬೀದಿಯ ತುಂಬ ಕಾರುಗಳು, ಆಟೋಗಳು, ಬೈಕುಗಳು. ಕೆಂಗೇರಿಯ ಷಡ್ಡಕನ ಗಾಡಿ, ಮಲ್ಲೇಶ್ವರದ ನಾದಿನಿಯದು, ಹಳೆಯ ಕಚೇರಿಯವರವು. ಮರಿಯಣ್ಣನವರ ಗೇಟಿಗೆ ಅಂಟಿಕೊಂಡಂತೆ, ಮಾಗಡಿಯಿಂದ ಬಂದ ಟೆಂಪೋ ಒಂದು ಅಡ್ಡಲಾಗಿ ನಿಂತಿತ್ತು. ಒಳಗಿನಿಂದ ಲಕ್ಷ್ಮೀದೇವಮ್ಮನವರ ಅಳು ಕೇಳುತ್ತಿತ್ತು.

"ಎಲ್ರಿಗೂ ತಿಳಿಸ್ಬಿಟ್ಟೆ," ಎಂದರು ಗಂಗರತ್ನಮ್ಮ ತೃಪ್ತಿಯಿಂದ. "ಇಂಥ ಹೊತ್ತಲ್ಲಿ ಜನ ಬೇಕು."

"ಅಂಕಲ್, ನೀವಿಲ್ಲೇ ಇಳೀರಿ," ಎಂದ ಗೌರೀಶ್. "ನಮ್ಮನೆ ಮುಂದೆ ಮಾತ್ರ ಜಾಗ ಖಾಲಿ ಇದೆ, ಆ ಕಡೆ ರೋಡಿಂದ ಸುತ್ಕೊಂಡ್ ಬಂದು ಅಲ್ಲಿ ಹಾಕ್ತೀನಿ."

ಮರಿಯಣ್ಣನವರು ವಾಹನಗಳ ನಡುವೆ ನುಸುಳುತ್ತಾ ತಮ್ಮ ಮನೆಯ ಮುಂದೆ ಬಂದರು. ಟೆಂಪೋಗೂ ಗೇಟಿಗೂ ನಡುವೆ ಬೆಕ್ಕು ತೂರುವಷ್ಟೂ ಎಡೆಯಿರಲಿಲ್ಲ. ಚಾಲಕ ಸ್ಟಿಯರಿಂಗಿಗೆ ಒರಗಿ ಬೀಡಿ ಸೇದುತ್ತಿದ್ದ.

"ಸ್ವಲ್ಪ ಗಾಡಿ ತೆಗೀತೀರಾಪ್ಪ? ನಾನು ಒಳಗೆ ಹೋಗ್ಬೇಕು."

ಚಾಲಕ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಒಳಗೆ ಯಾರೋ ಯಜಮಾನ್ರು ಹಾರ್ಟಾಗಿ ಸೀರಿಯಸ್ಸಂತೆ. ಊರಿಂದ ಜನ ಅಳ್ತಾ ಬಂದವ್ರೆ. ಕೋಟ್ ಹಾಕ್ಕೊಂಡ್ ಬಂದು ಗಾಡಿ ತೆಗಿ ಅಂತೀರಲ್ಲ ಸ್ವಾಮಿ, ನಿಮಗೆ ಎದೇಲಿ ಹೃದಯ ಅನ್ನೋದೇ ಇಲ್ವಾ?"