ಮದರ್ ಕೇಮ್

ಶಿರಾದ ಮಿಡ್ಲ್ ಸ್ಕೂಲಿನಲ್ಲಿ ಹತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದವನಿಗೆ ಒಂದು ಫಾರಂ ತುಂಬುವುದು ಯಾವ ಮಹಾ! ಭಾಮೈದ ಗಂಗಾಧರನಿಗೆ ಕುವೈತಿನಲ್ಲಿ ವೆಲ್ಡರ್ ಕೆಲಸ ಸಿಕ್ಕಿತ್ತು. ಅಲ್ಲಿರಲು ಆರೋಗ್ಯ ವಿಮೆ ಬೇಕು. ಒಂಟಿ ಇರುವವರಿಗೆ ಒಂದು ವಿಮೆ, ಕುಟುಂಬದೊಡನೆ ಇರುವವರಿಗೆ ಇನ್ನೊಂದು. ತಿಂಗಳೊಳಗೆ ಇತ್ಯರ್ಥವಾಗದಿದ್ದರೆ ಕೆಲಸ ಬೇರೆಯವನ ಪಾಲು.

‘ಒಂಟಿ’ಗೆ ಗುರುತು ಹಾಕಿದೆ. ಮುಂದಿನ ಪ್ರಶ್ನೆ: ಹಿಂದೆ ಬಂದ ಕಾಯಿಲೆಗಳು?

ಮಧುಗಿರಿಯಿಂದ ಬಂದಿದ್ದ ಅತ್ತೆ, ಅಂದರೆ ಗಂಗಾಧರನ ತಾಯಿ, ಪಕ್ಕದಲ್ಲೇ ಕೂತಿದ್ದರು. "ಚಿಕ್ಕೋನಿದ್ದಾಗ ಅಮ್ಮ ಬಂದಿದ್ಲು ಕಣಪ್ಪ. ಮೈಯೆಲ್ಲಾ ಬೊಕ್ಕೆ. ಒಂಬತ್ ದಿನ ಇದ್ದು ಹೋದ್ಲು."

ಇಂಗ್ಲಿಷ್ ಪದ ನಾಲಿಗೆಯ ತುದಿಯಲ್ಲಿತ್ತು, ಕೆಳಗಿಳಿಯಲಿಲ್ಲ. "ಆ ಕಾಯಿಲೆಗೆ..." ಎನ್ನುವಷ್ಟರಲ್ಲಿ ಅತ್ತೆ ಕೆನ್ನೆ ಬಡಿದುಕೊಂಡರು. "ಬುಡ್ತು ಅನ್ನಿ! ಕಾಯ್ಲೆ ಅಂದ್ರೆ ತಾಯಿ ಮುನಿಸ್ಕತಾಳೆ. ಅಮ್ಮ ಬಂದಿದ್ಲು ಅಂತ್ಲೇ ಬರೀರಿ."

ದೇವಿಗೂ ಅತ್ತೆಗೂ ಎದುರಾಡುವ ಧೈರ್ಯ ನನಗಿಲ್ಲ. ದುಂಡಗೆ ಬರೆದೆ: ಮದರ್ ಕೇಮ್. ಸ್ಟೇಯ್ಡ್ ನೈನ್ ಡೇಸ್.

ಹದಿನೈದು ದಿನಕ್ಕೆ ಬೊಂಬಾಯಿಯ ಏಜೆಂಟನ ಪತ್ರ ಬಂತು. ತಾಯಿ ಬಂದು ಉಳಿಯುವುದಾದರೆ ಒಂಟಿ ವಿಮೆ ಸಲ್ಲದು. ಕುಟುಂಬದ ವಿಮೆ ಆರಿಸಿ, ತಾಯಿಯ ಆರೋಗ್ಯ ಪತ್ರವನ್ನೂ ಕಳಿಸತಕ್ಕದ್ದು!

"ಅತ್ತೆ, ಕಂಪನಿ ನಿಮ್ಮನ್ನೂ ಕರೀತಿದೆ!" ಎಂದು ಕೂಗಿದೆ. ಅತ್ತೆ ಮಧುಗಿರಿಗೆ ಹೋಗಿ, ಬೀದಿಗೆಲ್ಲ ಸುದ್ದಿ ಸಾರಿ, ಹಪ್ಪಳ, ಖಾರದಪುಡಿ, ಮುದ್ದೆ ಕೋಲಿನ ಸಮೇತ ಟ್ರಂಕು ಹೊರಿಸಿಕೊಂಡು ಬಂದರು.

"ರೀ, ಅಮ್ಮನ್ನ ಯಾಕ್ ಕರೀತಾರೆ? ಅವ್ಳಿಗೇನು ವೆಲ್ಡಿಂಗ್ ಬರುತ್ತಾ?" ಎಂದಳು ಹೆಂಡತಿ ರತ್ನ.

"ನಿಂಗೆ ಇಂಗ್ಲಿಷ್ ತಿಳಿಯಲ್ಲ, ಸುಮ್ನಿರು" ಎಂದೆ.

ಅತ್ತೆಯನ್ನು ಆರೋಗ್ಯ ಪತ್ರಕ್ಕೆ ಕರೆದೊಯ್ದಾಗ ಡಾಕ್ಟರು ಫಾರಂನ ನಕಲು ಓದಿ ಕನ್ನಡಕ ತೆಗೆದರು. "ಮೇಷ್ಟ್ರೇ, ಇದು ಬೇವಿನಸೊಪ್ಪಿನ ಅಮ್ಮ ಅಲ್ವಾ?"

ಹೌದೆಂದು ತಲೆಯಾಡಿಸಿದೆ. ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಲೇ "ಚಿಕನ್ ಪಾಕ್ಸ್" ಎಂದು ಗಟ್ಟಿಯಾಗಿ ಹೇಳುತ್ತಾ ನಕಲಿನಲ್ಲೇ ತಿದ್ದಿ ಬರೆದು ಸೀಲು ಒತ್ತಿದರು.

"ಚಿಕನ್ನಾ? ನನ್ ಮಗ ಏನ್ ಹುಂಜವಾ?" ಎಂದು ಅತ್ತೆ ಎದ್ದು ನಿಂತರು.

ತಿದ್ದಿದ ಫಾರಂ ಬೊಂಬಾಯಿಗೆ ಹೋಯಿತು. ಗಡುವಿಗೆ ಎರಡೇ ದಿನವಿರುವಾಗ ಗಂಗಾಧರ ಒಂಟಿ ವಿಮೆಯಲ್ಲೇ ವಿಮಾನ ಹತ್ತಿದ. ಸದ್ಯ, ಬದುಕಿದೆ! ಆದರೆ ಅತ್ತೆ ಟ್ರಂಕು ಎತ್ತಲಿಲ್ಲ.

"ಊರಿಗೆಲ್ಲಾ ಕುವೈತ್‌ಗೆ ಹೋಯ್ತೀನಿ ಅಂತ ಹೇಳ್ಬುಟ್ಟಿವ್ನಿ. ಈಗ ಯಾವ್ ಮಕ ಇಟ್ಕಂಡು ಮಧುಗಿರೀಗ್ ಹೋಗ್ಲಿ? ಇಲ್ಲೇ ಇದ್ಬುಡ್ತೀನಿ."

ಮದರ್ ಕೇಮ್! ಒಂಬತ್ತು ದಿನವಲ್ಲ, ಒಂಬತ್ತು ತಿಂಗಳಾಯಿತು. ನನ್ನ ಇಂಗ್ಲಿಷಿನಲ್ಲಿ ವ್ಯಾಕರಣದ ತಪ್ಪಂತೂ ಇರಲಿಲ್ಲ ನೋಡಿ!