ಅಕಾರಾದಿ ಮೋಟಾರ್‌ಬೈಕು

ಈ ಚಳಿಗಾಲದಲ್ಲಿ ಒಂದು ಹಳೆಯ ಮೋಟಾರ್‌ಬೈಕಿಗೆ ಪುನರ್ಜನ್ಮ ಕೊಡುತ್ತೇನೆಂದು ನಾನು ಘೋಷಿಸಿದ್ದು ಊಟದ ಮೇಜಿನ ಮುಂದೆ ಎದ್ದು ನಿಂತು. ಕೂತೇ ಹೇಳಬಹುದಿತ್ತು. ಆದರೆ ಇಂಥ ಮಾತಿಗೆ ಸ್ವಲ್ಪ ಗತ್ತು ಬೇಡವೇ!

"ಯಾವ ಬೈಕು?" ಎಂದಳು ನನ್ನಾಕೆ, ತುಟಿಗಳ ನಡುವೆ ಎರಡು ಗುಂಡುಸೂಜಿ ಕಚ್ಚಿಕೊಂಡೇ. ಅವಳು ಹೊಲಿಗೆ ಕೆಲಸದವಳು. ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ.

"ನಿಮ್ಮಪ್ಪಂದು! ಶೆಡ್ಡಲ್ಲಿ ಟಾರ್ಪಾಲು ಹೊದ್ಕೊಂಡು ಹನ್ನೊಂದು ವರ್ಷದಿಂದ ಮಲಗಿದೆಯಲ್ಲ, ಅದು."

"ಅದನ್ನ ನೀವು ರಿಪೇರಿ ಮಾಡ್ತೀರಾ?"

"ಯಾಕೆ, ಅನುಮಾನವಾ?"

"ಛೇ, ಅನುಮಾನ ಎಲ್ಲಿಂದ ಬಂತು?" ಎಂದು ಸೂಜಿಗಳನ್ನು ತೆಗೆದಿಟ್ಟಳು. "ಅದೂ ಆಗಬಹುದು, ಇದೂ ಆಗಬಹುದು ಅನ್ನೋವಾಗ ತಾನೇ ಅನುಮಾನ ಬರೋದು?"

ಇಂಥ ಚುಚ್ಚುಮಾತಿಗೆಲ್ಲ ನಾನು ಬಗ್ಗುವ ಆಸಾಮಿಯಲ್ಲ. ಆ ಕ್ಷಣವೇ ಮಾವನಿಗೆ ಫೋನು ಹಚ್ಚಿದೆ. "ಮಾವ, ಮುಂದಿನ ತಿಂಗಳು ಇಪ್ಪತ್ತಕ್ಕೆ ನಿಮ್ಮ ಮದುವೆಯಾಗಿ ಐವತ್ತು ವರ್ಷ. ಅವತ್ತು ಅತ್ತೇನ ಹಿಂದೆ ಕೂರಿಸ್ಕೊಂಡು ನಿಮ್ಮ ಗಾಡೀಲೇ ಒಂದು ಸುತ್ತು ಹೋಗಿಬರ್ತೀರಿ. ಗಾಡಿ ತಯಾರು ಮಾಡೋದು ನನ್ನ ಜವಾಬ್ದಾರಿ!"

ಆ ಕಡೆಯಿಂದ ಮಾವ ಕೇಳಿದರು. "ನಿಜವಾಗ್ಲೂ ಆಗತ್ತಾ? ಇಪ್ಪತ್ತೆರಡಕ್ಕೆ ನನ್ನ ಎಡಗಣ್ಣಿನ ಆಪರೇಷನ್ನು. ಆಮೇಲೆ ಗಾಡಿ ಮುಟ್ಟೋದೇ ಬೇಡ ಅಂದುಬಿಟ್ಟಿದ್ದಾರೆ ಡಾಕ್ಟರು. ಮದುವೆಯಾದ ಹೊಸದರಲ್ಲಿ ಇವಳನ್ನ ಅದರ ಮೇಲೇ ಸುತ್ತಾಡಿಸಿದ್ದು. ಕೊನೇದಾಗಿ ಒಂದು ಸುತ್ತು ಆಗಿಬಿಟ್ರೆ ಸಾಕು ನೋಡಿ."

ಫೋನು ಇಟ್ಟಾಗ ನನ್ನ ಎದೆ ಎರಡಂಗುಲ ಉಬ್ಬಿತ್ತು. ಕೈಯಲ್ಲಿ ಆರು ವಾರಗಳಿದ್ದವು.

ನನ್ನ ಧೈರ್ಯಕ್ಕೆ ಕಾರಣವೂ ಇತ್ತು. ನಾನು ಒಂದು ದೊಡ್ಡ ಕಚೇರಿಯ ದಾಖಲೆ ಕೊಠಡಿಯ ಮುಖ್ಯಸ್ಥ. ನಲವತ್ತು ಸಾವಿರ ಕಡತಗಳು ನನ್ನ ಸುಪರ್ದಿಯಲ್ಲಿವೆ. ಯಾವುದನ್ನು ಕೇಳಿದರೂ ಎರಡೇ ನಿಮಿಷದಲ್ಲಿ ಹಾಜರ್! ಇದರ ಗುಟ್ಟು ಒಂದೇ, ಅಕಾರಾದಿ ಕ್ರಮ. 'ಅ'ದಿಂದ 'ಳ'ದವರೆಗೆ ಜಗತ್ತಿನ ಸಕಲ ಚರಾಚರ ವಸ್ತುಗಳಿಗೂ ಒಂದು ಜಾಗವಿದೆ ಎಂದು ನಾನು ನಂಬಿದವನು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಆ ನಂಬಿಕೆ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಶೆಡ್ಡಿನಲ್ಲಿ ಸ್ಪ್ಯಾನರ್ ಹಿಡಿದರೆ ಬೆರಳು ಮರಗಟ್ಟುವಷ್ಟು ಚಳಿ. ಹಾಗಾಗಿ ಬೈಕನ್ನು ತಳ್ಳಿಕೊಂಡು ಬಂದು ಊಟದ ಕೋಣೆಯಲ್ಲೇ ನಿಲ್ಲಿಸಿ ಶಸ್ತ್ರಚಿಕಿತ್ಸೆ ಆರಂಭಿಸಿದೆ. ಅಬ್ಬಾ, ಬಿಚ್ಚುವುದರಲ್ಲಿ ಎಂಥ ಸುಖವಿದೆ! ಒಂದು ಬೋಲ್ಟು ಸಡಿಲವಾದರೆ ಇನ್ನೊಂದನ್ನು ಮುಟ್ಟುವ ಆಸೆ, ಅದು ಕಳಚಿದರೆ ಮತ್ತೊಂದರ ಆಸೆ. ಸಾಮಾನ್ಯ ಮೆಕ್ಯಾನಿಕ್‌ಗಳು ಬಿಚ್ಚಿದ ಬೋಲ್ಟನ್ನು ಅದರ ತೂತಿಗೇ ಮತ್ತೆ ಸಿಕ್ಕಿಸಿಡುತ್ತಾರಂತೆ. ಪಾಪ, ಕಚೇರಿಯ ಶಿಸ್ತು ಕಂಡರಿಯದ ಜನ! ನಾನು ಬಿಡಿಭಾಗ ಒಂದೊಂದಕ್ಕೂ ಚೀಟಿ ಕಟ್ಟಿದೆ. ಬೂಟಿನ ಡಬ್ಬಗಳಿಗೆ ಅಕ್ಷರ ಬರೆದೆ. ಚೈನು 'ಚ' ಡಬ್ಬಕ್ಕೆ, ನಟ್ಟುಗಳು 'ನ' ಡಬ್ಬಕ್ಕೆ, ಬೋಲ್ಟುಗಳು 'ಬ' ಡಬ್ಬಕ್ಕೆ, ವಾಷರುಗಳು 'ವ' ಡಬ್ಬಕ್ಕೆ. ಒಂದೇ ವಾರದಲ್ಲಿ ಬೈಕು ಪೂರ್ತಿ ಮಾಯವಾಗಿ, ಗೋಡೆಯುದ್ದಕ್ಕೂ ಮೂವತ್ತೊಂದು ಡಬ್ಬಗಳ ಸಾಲು ನಿಂತಿತು.

"ಈ 'ಗ' ಡಬ್ಬ ಯಾಕೆ ಇಷ್ಟು ದೊಡ್ಡದು?" ನನ್ನಾಕೆ ಬಾಗಿಲಲ್ಲಿ ನಿಂತು ಕೇಳಿದಳು.

"ಅದರಲ್ಲಿ 'ಗೊತ್ತಿಲ್ಲ'ಗಳಿವೆ."

"ಏನದು?"

"ಹೆಸರು ಗೊತ್ತಿಲ್ಲದ ಭಾಗಗಳು. ಗೊತ್ತಿಲ್ಲ ಒಂದು, ಗೊತ್ತಿಲ್ಲ ಎರಡು... ಹೀಗೆ ಅರವತ್ನಾಲ್ಕರ ತನಕ ಇದೆ. ಎಲ್ಲಾ ವ್ಯವಸ್ಥಿತ!"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನನ್ನ ಶಿಸ್ತಿಗೆ ಮೂಕಳಾದಳೆಂದೇ ನಾನು ತಿಳಿದೆ.

ಮುಂದಿನ ಎರಡು ವಾರ ತೊಳೆಯುವ ಕಾರ್ಯಕ್ರಮ. ಪೆಟ್ರೋಲ್ ಟ್ಯಾಂಕು ಬಚ್ಚಲಿಗೆ ಬಂತು, ಸೈಲೆನ್ಸರು ಪಾತ್ರೆ ತೊಳೆಯುವ ತೊಟ್ಟಿಗೆ ಬಂತು, ಸೀಮೆಎಣ್ಣೆಯ ವಾಸನೆ ನಮ್ಮ ದಿಂಬಿನವರೆಗೂ ಬಂತು. ಒಂದು ದಿನ ಮುಂದಿನ ಕೋಣೆಯಲ್ಲಿ ಜಾರಿ ಬೀಳುವಂತಾಗಿ, ಹತ್ತಿರದಲ್ಲಿ ನೇತಾಡುತ್ತಿದ್ದ ಯಾವುದೋ ಬಟ್ಟೆಯನ್ನು ಗಬಕ್ಕನೆ ಹಿಡಿದುಕೊಂಡೆ. ಅದು ಶಾಲೆಯ ಮುಖ್ಯೋಪಾಧ್ಯಾಯಿನಿ ಹೊಲಿಯಲು ಕೊಟ್ಟಿದ್ದ ಹೊಸ ಕೋಟು!

"ಏನ್ರೀ, ಕೋಟಿನ ಬೆನ್ನ ಮೇಲೆ ನಿಮ್ಮ ಐದೂ ಬೆರಳಿದೆಯಲ್ರೀ!"

"ಒಗೆದ್ರೆ ಹೋಗತ್ತೆ ಬಿಡೇ."

"ಗ್ರೀಸು ಕಣ್ರೀ ಇದು! ಇದನ್ನ ಹಾಕ್ಕೊಂಡು ಅವರು ಸ್ಕೂಲಿಗೆ ಹೋದ್ರೆ ಮಕ್ಕಳು ಏನಂದ್ಕೋಬೇಕು?"

ಅವಳು ಆ ಬೆನ್ನಿನ ಭಾಗವನ್ನೇ ಬಿಚ್ಚಿ ಹೊಸ ಬಟ್ಟೆ ಕೂರಿಸಿದಳು. ಎಲ್ಲಿ ಕತ್ತರಿಸಿದಳು, ಎಲ್ಲಿ ಸೇರಿಸಿದಳು, ಭೂತಕನ್ನಡಿ ಹಿಡಿದರೂ ತಿಳಿಯದು. ಅವಳ ಕೈಗುಣವೇ ಅಂಥದ್ದು. ಮುಖ್ಯೋಪಾಧ್ಯಾಯಿನಿ ಹಿಗ್ಗುತ್ತಾ ಹೋದರು. ನನಗೆ ಮಾತ್ರ ಮುಂದಿನ ಕೋಣೆಗೆ ಪ್ರವೇಶ ನಿಷೇಧವಾಯಿತು.

ನಾಲ್ಕನೆಯ ವಾರ ಜೋಡಣೆಗೆ ಕೂತೆ. ಚೌಕಟ್ಟಿಗೆ ಮುಂದಿನ ಚಕ್ರ ಸೇರಿಸಬೇಕು. ಅದಕ್ಕೊಂದು ಬೋಲ್ಟು ಬೇಕು. ಗತ್ತಿನಿಂದ 'ಬ' ಡಬ್ಬ ತೆರೆದೆ. ಎರಡೇ ನಿಮಿಷವೇಕೆ, ಎರಡೇ ಕ್ಷಣ! ಒಳಗೆ ಎಂಬತ್ತೇಳು ಬೋಲ್ಟುಗಳಿದ್ದವು. ಒಂದೊಂದಕ್ಕೂ ಚೀಟಿ, ಒಂದೊಂದು ಚೀಟಿಯ ಮೇಲೂ ನನ್ನ ಮುತ್ತಿನಂಥ ಅಕ್ಷರದಲ್ಲಿ 'ಬೋಲ್ಟು'. ಯಾವುದು ಎಲ್ಲಿಂದ ಬಂತು? ಅದನ್ನು ಮಾತ್ರ ನಾನು ಎಲ್ಲೂ ಬರೆದಿರಲಿಲ್ಲ!

ಆದರೂ ಛಲ ಬಿಡಲಿಲ್ಲ. ಹನ್ನೊಂದು ದಿನ ಒಂದೊಂದನ್ನೂ ಒಂದೊಂದು ತೂತಿಗೆ ತುರುಕಿ ನೋಡಿದೆ. ಕೊನೆಗೆ ಬೈಕಿನಂಥದ್ದೇನೋ ಎದ್ದು ನಿಂತಿತು. ಬ್ರೇಕು ಒತ್ತಿದರೆ ಹಾರನ್ನು ಬಡಿದುಕೊಳ್ಳುತ್ತಿತ್ತು. ಹ್ಯಾಂಡಲ್ ಎಡಕ್ಕೆ ತಿರುಗಿಸಿದರೆ ಚಕ್ರ ಮೀನಮೇಷ ಎಣಿಸುತ್ತಿತ್ತು. ಎಲ್ಲ ಮುಗಿದ ಮೇಲೂ ನಲವತ್ತೊಂದು ಭಾಗಗಳು ಮಿಕ್ಕಿದ್ದವು. ಹೋಗಲಿ ಎಂದು ಒಮ್ಮೆ ಕಿಕ್ ಹೊಡೆದೆ. ಎಲ್ಲಿಂದಲೋ ಒಂದು ಸ್ಪ್ರಿಂಗು ಠಣ್ಣನೆ ಚಿಮ್ಮಿ ಗೋಡೆ ಗಡಿಯಾರದ ಗಾಜನ್ನು ಪುಡಿಮಾಡಿತು.

ಬೀದಿ ಕೊನೆಯ ಮೆಕ್ಯಾನಿಕ್ಕನನ್ನು ಕರೆದುಕೊಂಡು ಬಂದೆ. ಅವನು ಬೈಕನ್ನು ನೋಡಿದ, ಡಬ್ಬಗಳನ್ನು ನೋಡಿದ, ನನ್ನನ್ನೂ ಮೇಲಿಂದ ಕೆಳಗೆ ನೋಡಿದ.

"ಸಾರ್, ಇದೇನು ಗಾಡಿನೋ, ಡಿಕ್ಷನರಿನೋ?"

"ರಿಪೇರಿ ಆಗತ್ತಾ ಹೇಳಪ್ಪ."

"ಎರಡು ತಿಂಗಳು ಬಿಟ್ಟು ಬನ್ನಿ ಸಾರ್. ಬರದೇ ಇದ್ರೂ ಪರವಾಗಿಲ್ಲ."

ಉಳಿದದ್ದು ಐದೇ ದಿನ. ಅಷ್ಟರಲ್ಲಿ ಮಾವನ ಫೋನು. "ಅಳಿಯಂದ್ರೇ, ನನ್ನ ಹಳೇ ಕೈಗವಸು ಸಿಕ್ತು! ಇವಳು ಆಗಲೇ ತಲೆಗೆ ಕಟ್ಟೋ ಸ್ಕಾರ್ಫು ಇಸ್ತ್ರಿ ಮಾಡಿಟ್ಟಿದ್ದಾಳೆ!" ನಾನು ಹೂಂ ಹೂಂ ಎಂದು ಫೋನಿಟ್ಟೆ. ನನ್ನನ್ನು ಯಾರು ಬೇಕಾದರೂ ಗೇಲಿ ಮಾಡಲಿ, ಆದರೆ ಆ ಮುದುಕರಿಬ್ಬರ ಆಸೆಗೆ ನಾನೇ ಮಣ್ಣು ಹಾಕಿದೆನಲ್ಲ! ನಿಷೇಧವನ್ನೂ ಲೆಕ್ಕಿಸದೆ ಮುಂದಿನ ಕೋಣೆಗೆ ಹೋಗಿ ತಲೆ ತಗ್ಗಿಸಿ ನಿಂತೆ.

"ನನ್ನ ಕೈಲಿ ಆಗಲ್ಲ ಕಣೇ."

ಅವಳು ಹೊಲಿಗೆ ಯಂತ್ರ ನಿಲ್ಲಿಸಿದಳು. ನಗಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ನಾಚಿಕೆಯಾಗಿದ್ದು. "ಮೊದಲು ನೀವು ಜೋಡಿಸಿದ್ದನ್ನೆಲ್ಲ ಬಿಚ್ಚಿ. ಅದು ನಿಮಗೆ ಚೆನ್ನಾಗಿ ಬರತ್ತೆ," ಎಂದಳು.

ಆಮೇಲೆ ನಡೆದದ್ದನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಊಟದ ಕೋಣೆಯ ನೆಲಕ್ಕೆ ಹಳೆಯ ದುಪ್ಪಟಿ ಹಾಸಿದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ತುಂಡಿನಿಂದ ಅದರ ಮೇಲೆ ಇಡೀ ಬೈಕಿನ ಚಿತ್ರ ಎಳೆದಳು. ಅಂಗಿಯ ತೋಳು, ಕಾಲರು ಹರಡಿಕೊಳ್ಳುವ ಹಾಗೆ ಚಿತ್ರದ ಮೇಲೆ ಒಂದೊಂದೇ ಭಾಗ ಇಡುತ್ತಾ ಹೋದಳು.

"ಈ ಬೋಲ್ಟು ನೋಡಿ. ತಲೆ ತುಕ್ಕು ಹಿಡಿದಿದೆ, ಕಾಲು ಹೊಳೀತಿದೆ. ಅಂದ್ರೆ ಇದು ಹೊರಗಡೆ ಇದ್ದಿದ್ದು. ಇಲ್ಲಿ ಬಣ್ಣದ ಮೇಲೆ ದುಂಡಗೆ ವಾಷರಿನ ಗುರುತಿದೆ. ಕೋಟಿನ ಗುಂಡಿ ಉದುರಿದ್ರೂ ಅದಿದ್ದ ಜಾಗ ತಿಳಿಯಲ್ವಾ?"

ಎಂಥ ಕಣ್ಣು, ಎಂಥ ಬೆರಳು! 'ಗೊತ್ತಿಲ್ಲ ಹದಿನೇಳು' ಅವಳ ಕೈಗೆ ಬಂದ ಕೂಡಲೇ ಕ್ಲಚ್ಚಿನ ತಟ್ಟೆಯಾಯಿತು. 'ಗೊತ್ತಿಲ್ಲ ಮೂವತ್ತು' ಕಾರ್ಬ್ಯುರೇಟರಿನೊಳಗೆ ಸರಾಗ ಕೂತಿತು. ಹೊಲಿಗೆ ಬಲ್ಲವರು ಜಗತ್ತಿನಲ್ಲಿ ಏನನ್ನು ಬೇಕಾದರೂ ಜೋಡಿಸಬಲ್ಲರು ಎಂಬ ಹೊಸ ಸಿದ್ಧಾಂತವನ್ನು ಅವಳಿಗೆ ವಿವರಿಸುತ್ತಾ ನಾನು ಸ್ಪ್ಯಾನರ್ ಎತ್ತಿಕೊಡುತ್ತಿದ್ದೆ. "ಹನ್ನೆರಡನೇ ನಂಬರಿಂದು ಕೊಡಿ," ಎಂದಷ್ಟೇ ಅನ್ನುತ್ತಿದ್ದಳು. ನಾಲ್ಕನೆಯ ದಿನ ಮಧ್ಯಾಹ್ನ ಬೈಕು ಹೊಸ ಮದುಮಗನ ಹಾಗೆ ಅಂಗಳದಲ್ಲಿ ನಿಂತಿತ್ತು. ಒಂದೇ ಒಂದು ವಾಷರೂ ಮಿಕ್ಕಿರಲಿಲ್ಲ.

ಇಪ್ಪತ್ತರ ಬೆಳಿಗ್ಗೆ ಮಾವ ಕೈಗವಸು ತೊಟ್ಟು ಬಂದರು. ಮೊದಲ ಕಿಕ್ಕಿಗೆ ಬೈಕು ಕೆಮ್ಮಿತು, ಎರಡನೆಯದಕ್ಕೆ ಗುರ್ ಎಂದು ಎದ್ದಿತು. ಅತ್ತೆ ಹಿಂದೆ ಕೂತು ಅವರ ಹೆಗಲು ಹಿಡಿದುಕೊಂಡರು. "ನಿಧಾನ ಕಣ್ರೀ, ಆಗಿನ ತೂಕವಲ್ಲ ನಂದು!" ಒಂದು ಸುತ್ತು ಎಂದವರು ಬೀದಿಯನ್ನು ಮೂರು ಸುತ್ತು ಹಾಕಿದರು. ಮೂರನೆಯ ಸಲ ನಮ್ಮ ಮುಂದೆ ಹಾದುಹೋಗುವಾಗ ಅತ್ತೆ ಕೈ ಬೀಸಿದರು. ನನಗೆ ಕಣ್ಣು ತುಂಬಿ ಬಂತು. ನನ್ನಾಕೆಯೂ ಅಳುತ್ತಿದ್ದಳು.

ಮಾವ ಇಳಿದವರೇ ನನ್ನನ್ನು ಬಾಚಿ ತಬ್ಬಿಕೊಂಡರು. "ಭೇಷ್ ಅಳಿಯಂದ್ರೇ! ಇಂಜಿನ್ನು ಗಡಿಯಾರದ ಹಾಗೆ ಓಡ್ತಿದೆ!"

ಹೊಗಳಿಕೆ ಬಂದಾಗ ಸುಮ್ಮನೆ ತೆಗೆದುಕೊಂಡಿದ್ದರೆ ಸಾಕಿತ್ತು. ನನಗೆ ಔದಾರ್ಯ ಉಕ್ಕಿತು. "ಇವಳೂ ಸ್ವಲ್ಪ ಕೈ ಜೋಡಿಸಿದಳು ಮಾವ. ಹೊಲಿಗೆ ಬರತ್ತಲ್ಲ, ಒಂದೆರಡು ಸಲ ಹೇಳಿಕೊಟ್ಟ ಕೂಡಲೇ ಕಲಿತುಬಿಟ್ಟಳು."

ಮಾವ ನನ್ನನ್ನು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು. "ಹೇಳಿಕೊಟ್ರಾ? ಇವಳಿಗಾ?" ಎಂದು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಅಳಿಯಂದ್ರೇ, ಈ ಗಾಡೀನ ನಾನು ಪೂರ್ತಿ ಬಿಚ್ಚಿ ಹಾಕಿದ್ದು ಎರಡು ಸಲ. ಎರಡು ಸಲಾನೂ ಮತ್ತೆ ಜೋಡಿಸಿಕೊಟ್ಟಿದ್ದು ಇವಳೇ. ಮೊದಲನೇ ಸಲ ಇವಳಿಗೆ ಹನ್ನೆರಡು ವರ್ಷ!"

ನಾನು ನಿಧಾನವಾಗಿ ನನ್ನಾಕೆಯ ಕಡೆ ತಿರುಗಿದೆ. "ಒಂದು ಮಾತು ಹೇಳಬಾರದಿತ್ತಾ?"

"ಹೇಳೋದೇನು? ನನಗೆ ನಾಲ್ಕು ದಿನ ಸಾಕು ಅಂತ ಗೊತ್ತಿತ್ತು," ಎಂದಳು ಕಣ್ಣೊರೆಸಿಕೊಳ್ಳುತ್ತಾ. "ಉಳಿದ ಐದು ವಾರ ನಿಮಗೆ ಆಟ ಆಡ್ಕೊಳ್ಳೋಕೆ ಬಿಟ್ಟಿದ್ದೆ."

ನನ್ನ ಮುಖ ನೋಡಿ ಅತ್ತೆಗೆ ಕನಿಕರ ಹುಟ್ಟಿತು. ಹತ್ತಿರ ಬಂದು ನನ್ನ ಭುಜ ತಟ್ಟಿದರು.

"ಬೇಜಾರು ಮಾಡ್ಕೋಬೇಡಿ ಅಳಿಯಂದ್ರೇ. ಬಿಚ್ಚೋದೂ ಒಂದು ವಿದ್ಯೆ. ಐವತ್ತು ವರ್ಷದಿಂದ ಇವರಿಗೂ ಅದೊಂದೇ ಬರೋದು!"