ಏಳನೆಯವಳ ಪೋಸ್ಟಿಂಗ್

ರಾಕೆಟ್ ಸಿಡಿಯಬಹುದಿತ್ತು. ಸಿಡಿಯದಿದ್ದರೂ ಓರೆಯಾಗಿ ಏರಿ ಸಮುದ್ರಕ್ಕೆ ಬೀಳಬಹುದಿತ್ತು. ಗಾಳಿ ಜೋರಾಗಿ ಉಡಾವಣೆ ಐದನೆಯ ಸಲ ಮುಂದಕ್ಕೆ ಹೋಗಬಹುದಿತ್ತು. ಅಮೆರಿಕದಲ್ಲಿ ಎಲ್ಲ ಸರಿಯಿದ್ದರೂ ಖಾನಾಪುರದಲ್ಲಿ ಕರೆಂಟು ಹೋಗಬಹುದಿತ್ತು. ಕರೆಂಟಿದ್ದರೂ ನನ್ನ ಮೊಬೈಲಿನ ನೆಟ್‌ವರ್ಕು, ಅದಿದ್ದರೂ ಬ್ಯಾಟರಿ, ಬ್ಯಾಟರಿಯಿದ್ದರೂ ಅತ್ತೆಯ ಬೀಪಿ! ಬೆಳಗಾವಿಯಿಂದ ಹೊರಟ ಬಸ್ಸು ನಡುದಾರಿಯಲ್ಲಿ ಕೆಟ್ಟು ನಾನೇ ತಲುಪದೆ ಹೋಗಬಹುದಿತ್ತು. ಶಿವಬಸವ ನಗರದ ಮನೆಯಲ್ಲಿ ಗ್ಯಾಸ್ ಬಂದ್ ಮಾಡಿದ್ದೆನೋ ಇಲ್ಲವೋ ಎಂಬ ಚಿಂತೆ ಬೇರೆ. ಅದಕ್ಕೂ ರಾಕೆಟ್ಟಿಗೂ ಸಂಬಂಧವಿಲ್ಲ. ಸಿಡಿಯುವ ಮಾತು ಬಂತಲ್ಲ ಎಂದು ಹೇಳಿದೆ.

ವಿಮಾ ಕಚೇರಿಯಲ್ಲಿ ಇಪ್ಪತ್ತೈದು ವರ್ಷ ಕೂತವನಿಗೆ ಹೀಗೆಲ್ಲ ತೋಚುವುದು ಸಹಜ. ಆ ಸಂಜೆ ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ, ತೀರ ಸಣ್ಣದು. ಅದಕ್ಕೆ ಮೊದಲು ಅತ್ತೆಯ ಪರಿಚಯವಾಗಲಿ. ಅತ್ತೆ ಎಂದರೆ ಅಪ್ಪನ ತಂಗಿ. ಹೆಂಡತಿಯ ತಾಯಿಯ ಬಗ್ಗೆ ಬರೆಯುವಷ್ಟು ಧೈರ್ಯ ನನಗಿಲ್ಲ.

ಅಮೆರಿಕದ ಏಳು ಜನ ಗಗನಯಾತ್ರಿಗಳ ಸೇವಾ ಪುಸ್ತಕಗಳು ಖಾನಾಪುರದಲ್ಲಿ ನಮ್ಮ ಅತ್ತೆಯ ಟ್ರಂಕಿನಲ್ಲಿವೆ ಎಂದರೆ ನೀವು ನಂಬುತ್ತೀರಾ? ಅಮೆರಿಕದವರೂ ನಂಬಲಿಕ್ಕಿಲ್ಲ!

ಅತ್ತೆ ತಾಲೂಕಿನ ಒಂದು ಸರಕಾರಿ ಕಚೇರಿಯಲ್ಲಿ ಶಾಲಾ ಮಾಸ್ತರರ ಸೇವಾ ಪುಸ್ತಕ ಬರೆಯುತ್ತಿದ್ದವಳು. ಯಾರು ಯಾವತ್ತು ಹಾಜರಾದರು, ಯಾವ ಊರಿಗೆ ವರ್ಗವಾದರು, ಎಷ್ಟು ದಿನ ರಜೆ ಹಾಕಿದರು, ಎಲ್ಲವೂ ಅವಳ ದುಂಡಗಿನ ಅಕ್ಷರದಲ್ಲಿ. ಮೂಲ ದಾಖಲೆಯನ್ನು ಕಣ್ಣಾರೆ ನೋಡದೆ ಒಂದಕ್ಷರ ಬರೆದವಳಲ್ಲ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೂ ಅದೇ ಉತ್ತರ: "ಅರ್ಜಿ ಬಂದಿದ್ವುರಿ. ದಾಖಲಿ ಸರಿ ಇರಲಿಲ್ಲ."

ಅವಳು ನಿವೃತ್ತಳಾದ ವಾರವೇ ಪೇಪರಿನಲ್ಲಿ ಒಂದು ಫೋಟೋ ಬಂತು. ನೀಲಿ ಬಟ್ಟೆ ತೊಟ್ಟ ಏಳು ಜನ, ಹೊಸದಾಗಿ ಆಯ್ಕೆಯಾದ ಗಗನಯಾತ್ರಿಗಳು. ಅತ್ತೆ ಅದನ್ನು ಕತ್ತರಿಸಿ, ಏಳು ನೋಟ್‌ಬುಕ್ಕಿಗೆ ಕಂದು ರಟ್ಟು ಹಾಕಿ, ಗೆರೆ ಎಳೆದಳು.

"ಅತ್ತಿ, ಅವರ ಸರಕಾರ ಬ್ಯಾರೆ," ಎಂದೆ.

"ಸರಕಾರ ಬ್ಯಾರೆ ಇದ್ರೇನಾತು, ಸರ್ವಿಸ್ ಸರ್ವಿಸೇ. ಏಳೂ ಮಂದಿ ಒಂದ ದಿನಾ ಹಾಜರ್ ಆಗ್ಯಾರ. ಮುಂದ ಯಾರಿಗೂ ಅನ್ಯಾಯ ಆಗಬಾರದು."

ಹೀಗೆ ಶುರುವಾಯಿತು. ಸುದ್ದಿ ಹುಡುಕಿ ತೋರಿಸುವ ಕೆಲಸ ನನ್ನದು, ನಮೂದಿಸುವುದು ಅವಳದು. ಅವರ ತರಬೇತಿ ಅವಳಿಗೆ ಪ್ರೊಬೇಶನ್. ಒಬ್ಬ ಬೇರೆ ದೇಶದ ನೌಕೆಯಲ್ಲಿ ಹೋದಾಗ 'ಡೆಪ್ಯುಟೇಶನ್' ಎಂದು ಬರೆದಳು. ಇನ್ನೊಬ್ಬ ಮೇಲೆ ಹೋದವನು ನೌಕೆಯ ತೊಂದರೆಯಿಂದ ತಿಂಗಳುಗಟ್ಟಲೆ ಅಲ್ಲೇ ಉಳಿದ. ನನಗೆ ಇಲ್ಲಿ ನಿದ್ದೆಯಿಲ್ಲ. ಅತ್ತೆ ಮಾತ್ರ ನಿರಾಳ!

"ರಿಲೀವ್ ಮಾಡವ್ರು ಬಂದಿಲ್ಲ, ಅಷ್ಟ. ಜಾಂಬೋಟಿ ಬಾಜುಕ ಒಬ್ಬ ಮಾಸ್ತರಗ ಹಿಂಗ ಆಗಿತ್ತು. ಮಳಿಗಾಲ ಪೂರ್ತಿ ಒಬ್ಬಾವನ ಸಾಲಿ ನಡಸಿದಾ. ಇವಗ ಜಿಗಣಿ ಕಾಟರ ಇಲ್ಲ."

ಮೇಲೆ ದಿನಕ್ಕೆ ಹದಿನಾರು ಸಲ ಸೂರ್ಯ ಮುಳುಗುತ್ತಾನೆ ಎಂದು ನಾನು ಹೇಳಿದ್ದೇ ತಪ್ಪಾಯಿತು. ನಾವು ಜೈನರು; ಅತ್ತೆ ಹೊತ್ತು ಮುಳುಗಿದ ಮೇಲೆ ಏನನ್ನೂ ಉಣ್ಣುವವಳಲ್ಲ. ಪಾಪ, ಅವರು ಉಣ್ಣುವುದು ಯಾವಾಗ? ಎರಡು ದಿನ ಮಂಕಾಗಿ ಕೂತಳು. ಮೂರನೆಯ ದಿನ ಫೋನು ಬಂತು. "ತಮ್ಮಾ, ವಿಚಾರ ಮಾಡೇನಿ. ಡ್ಯೂಟಿ ಮ್ಯಾಲ ಹೋದವರಿಗೆ ಹೆಡ್ ಆಫೀಸಿನ ಟೈಮೇ ಟೈಮು. ಚಿಂತಿಲ್ಲ, ಉಣ್ಲಿ."

ಅವರಲ್ಲಿ ಯಾರಾದರೂ ಮೇಲಿದ್ದಾಗ ಅತ್ತೆ ಸಂಜೆ ಮಲಪ್ರಭೆಯ ದಂಡೆಗೆ ಹೋಗುತ್ತಿದ್ದಳು. ಅವರಿರುವ ನಿಲ್ದಾಣ ಆಕಾಶದಲ್ಲಿ ಒಂದು ಚುಕ್ಕಿಯಾಗಿ, ಮಿನುಗದೆ, ಅವಸರವಿಲ್ಲದೆ ಸಾಗುತ್ತದೆ. ಅದಕ್ಕೆ ಕೈಯೆತ್ತಿ, ಅದು ಮರಗಳ ಹಿಂದೆ ಇಳಿಯುವವರೆಗೂ ನಿಲ್ಲುತ್ತಿದ್ದಳು. ನನ್ನ ಕಣ್ಣು ಮಾತ್ರ ದಂಡೆಯ ಮೆಟ್ಟಿಲ ಪಾಚಿಯ ಮೇಲೆ, ಎಲ್ಲಿ ಜಾರುತ್ತಾಳೋ ಎಂದು.

ವರ್ಷಗಳು ಉರುಳಿದವು. ಆರು ಜನ ಹೋಗಿ ಬಂದರು, ಇಬ್ಬರು ಎರಡೆರಡು ಸಲ. ಏಳನೆಯವಳು ಮಾತ್ರ ನೆಲದ ಮೇಲೇ. ಫೋಟೋದ ಬಲ ಅಂಚಿನಲ್ಲಿ ನಿಂತ, ಕಲ್ಲು ಮಣ್ಣಿನ ಶಾಸ್ತ್ರ ಓದಿದ ಹೆಣ್ಣುಮಗಳು. ಒಮ್ಮೆ ಅವಳ ಹೆಸರು ಬಂದು, ಏನೋ ಆರೋಗ್ಯದ ಕಾರಣಕ್ಕೆ ಬೇರೆಯವರು ಹೋದರು. ಮತ್ತೊಮ್ಮೆ ಆ ಯಾನವೇ ರದ್ದಾಯಿತು. ಉಳಿದಂತೆ ಹೋಗುವವರಿಗೆ ಕಲಿಸುವುದು, ಹೋದವರ ಜೊತೆ ಕೆಳಗಿನಿಂದ ಮಾತಾಡುವುದು.

"ಹಿಂಡಲಗಾ ಜೈಲಿನಾಗ ಇದ್ದವರಿಗೂ ಬಿಡುಗಡಿ ತಾರೀಖ ಗೊತ್ತಿರತೈತಿ. ಈಕಿಗೆ ಹೋಗೂ ತಾರೀಖ ಯಾರೂ ಹೇಳವಲ್ರು!" ಎಂದು ಅತ್ತೆ ಕುದಿಯುತ್ತಿದ್ದಳು.

ಪಕ್ಕದ ಮನೆಯ ಮರಾಠಿ ಕಾಕು ಕೂಡ ಗೋಡೆಯಾಚೆಯಿಂದ ವಿಚಾರಿಸುವಳು: "ಗೇಲಿ ಕಾ ತುಮಚಿ ಪೋರ್ಗಿ?" ನಿಮ್ಮ ಹುಡುಗಿ ಹೋದಳೇ, ಎಂದು.

ಕೊನೆಗೆ ಅತ್ತೆ ನನ್ನಿಂದ ಆ ಸಂಸ್ಥೆಗೆ ಒಂದು ಮನವಿ ಬರೆಸಿದಳು. 'ಒಂದೇ ಬ್ಯಾಚಿನ ಆರು ಜನರಿಗೆ ಪೋಸ್ಟಿಂಗ್ ಆಗಿದ್ದು, ಸದರಿಯವರನ್ನು ಪರಿಗಣಿಸಬೇಕು.' ಇಮೇಲ್ ಹೋದದ್ದು ನನ್ನ ಹೆಸರಿನಲ್ಲಿ. ಪೊಲೀಸರು ಬಂದರೆ? ಮುಂದೆಂದೋ ನನ್ನ ಮಗಳ ವೀಸಾ ತಿರಸ್ಕಾರವಾದರೆ? ಅರೆನಿಮಿಷದಲ್ಲಿ ಯಂತ್ರದ ಉತ್ತರ ಬಂತು: ನಿಮ್ಮ ಸಂದೇಶ ತಲುಪಿದೆ, ಧನ್ಯವಾದ. ಅತ್ತೆ ಅದರ ಪ್ರಿಂಟ್ ತೆಗೆಸಿ ಏಳನೆಯ ಪುಸ್ತಕಕ್ಕೆ ಅಂಟಿಸಿದಳು.

"ಇನ್ವರ್ಡ್ ಆಗೇತಿ, ಅರ್ಜಿ ಒಳಗ ತಗೊಂಡಾರ. ಇನ್ನ ಫೈಲು ಸರಿತೈತಿ ನೋಡು."

ಒಂದು ದಿನ ನಾನು ಸುಮ್ಮನಿರಲಾರದೆ ಕೇಳಿದೆ. "ಅತ್ತಿ, ಇಡೀ ತಾಲೂಕಿನವರನ್ನ ಅಲ್ಲಿಗೆ ಇಲ್ಲಿಗೆ ಕಳಿಸಿದಿ. ಮೂವತ್ತೆಂಟು ವರ್ಷ ಒಂದ ಕುರ್ಚಿ. ನಿನಗ ಎಲ್ಲೇರ ಹೋಗಬೇಕು ಅನಸಲಿಲ್ಲೇನು?"

ಅತ್ತೆ ಪೆನ್ನಿನ ಮುಚ್ಚಳ ತಿರುಗಿಸಿ ಹಾಕಿದಳು. "ಎಲ್ಲಾರ ಆರ್ಡರ್ ಬರಿಯಾಕಿಗೆ ಯಾರ ಆರ್ಡರ್ ಕೊಡತಾರೋ?"

ಆ ಹೊತ್ತಿಗಾಗಲೇ ಅವಳ ಕಣ್ಣು ಕೈಕೊಡತೊಡಗಿತ್ತು. ಬೆಳಗಾವಿಯ ಡಾಕ್ಟರು, ನೋಟದ ನಡುಭಾಗ ಅಳಿಸುತ್ತ ಹೋಗುತ್ತದೆ, ಅಂಚು ಮಾತ್ರ ಉಳಿಯುತ್ತದೆ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ನಾನು ಅಳುವಂತಿದ್ದೆ. ಅವಳೇ ನನ್ನ ಮೊಣಕಾಲು ತಟ್ಟಿದಳು. ಮನೆಗೆ ಬಂದು ಆ ಫೋಟೋ ಹಿಡಿದು, "ನಡುವಿನವ್ರು ಎಲ್ಲಾ ಅಳಿಸಿ ಹೋಗ್ಯಾರ ನೋಡು. ಅಂಚಿನಾಕಿ ಉಳದಾಳ. ಇರ್ಲಿ ಬಿಡು, ಹೋಗಾಕಿ ಆಕಿನ ಅಲ್ಲೇನು?" ಎಂದಳು.

ಮರುವರ್ಷ ಏಳನೆಯವಳ ಆರ್ಡರ್ ಬಂತು! ಆಮೇಲೆ ನಾಲ್ಕು ಸಲ ಮುಂದಕ್ಕೆ ಹೋಯಿತು. ಒಮ್ಮೆ ಮೋಡ, ಒಮ್ಮೆ ಯಾವುದೋ ಕೊಳವೆಯ ಸೋರಿಕೆ. ಪ್ರತಿ ಸಲವೂ ಅತ್ತೆಯ ಕಣ್ಣಿನ ನೋಟ ಒಂದಿಷ್ಟು ಕಡಿಮೆಯಾಗುತ್ತಿತ್ತು. ಅವಳ ಸರದಿ ಮೊದಲೋ ಇವಳ ಕತ್ತಲೆ ಮೊದಲೋ ಎಂಬ ಲೆಕ್ಕ ಇಬ್ಬರ ಮನಸ್ಸಿನಲ್ಲೇ ನಡೆಯುತ್ತಿತ್ತು.

ಐದನೆಯ ಸಲ ಗೊತ್ತಾದ ತಾರೀಖಿನ ಸಂಜೆ ನಾನು ಹೋದಾಗ ಅತ್ತೆ ಬೆಳಕಿರುವಾಗಲೇ ಊಟ ಮುಗಿಸಿ, ಏಳನೆಯ ಪುಸ್ತಕ ತೆರೆದು ಕೂತಿದ್ದಳು. ಮೊಬೈಲಿನ ಪರದೆ ಅವಳಿಗೆ ಈಗ ಬರೀ ಬೆಳಕಿನ ತುಂಡು.

"ಕಣ್ಣಾರೆ ನೋಡದ ನಾ ಬರದಾಕಿ ಅಲ್ಲ, ಗೊತ್ತೈತಿ ನಿನಗ. ಇವತ್ತ ನನ್ನ ಕಣ್ಣಿನ ಚಾರ್ಜ್ ನಿನಗ ಕೊಟ್ಟೇನಿ. ಬೆಂಕಿ ಯಾವ ಬಣ್ಣದ್ದು, ಹೆಂಗ ಎದ್ದಳು, ಎಲ್ಲಿತನಕಾ ಕಂಡಳು, ಒಂದೂ ಬಿಡಬ್ಯಾಡ."

"ಹೂಂ."

"ರೆಪ್ಪಿ ಬಡೀಬ್ಯಾಡ."

"ಇಲ್ಲ ಅತ್ತಿ."

ಎಣಿಕೆ ಇಳಿಯತೊಡಗಿತು. ಹತ್ತು, ಒಂಬತ್ತು... ಅತ್ತೆ ಒಂದು ಕೈಯಲ್ಲಿ ನನ್ನ ಮುಂಗೈ ಹಿಡಿದಳು. ತುಟಿಯಲ್ಲಿ ಣಮೋಕಾರ ಮಂತ್ರ. ಆಮೇಲೆ ಮೊಬೈಲು ಪುಟ್ಟ ಟೀಪಾಯಿಯ ಮೇಲೆ ಗುರ್ರೆಂದಿತು. ಗದ್ದಲ, ಚಪ್ಪಾಳೆ, ಯಾರೋ ಕೂಗಿದರು.

"ಹೋದಳೇನೋ?"

"ಹೋದಳು, ಅತ್ತಿ."

"ಹೆಂಗ ಹೋದಳು? ಹೇಳು."

ಆಗ ನಾನು ಕಣ್ಣು ತೆರೆದೆ.

ಹೌದು, ಮೂರು ಎನ್ನುವಷ್ಟರಲ್ಲಿ ಮುಚ್ಚಿಬಿಟ್ಟಿದ್ದೆ. ಕ್ರಿಕೆಟ್ಟಿನ ಕೊನೆಯ ಓವರನ್ನಾಗಲಿ, ಮಗಳ ಪರೀಕ್ಷೆಯ ಫಲಿತಾಂಶವನ್ನಾಗಲಿ ಕಣ್ಣು ಬಿಟ್ಟು ನೋಡಿದವನೇ ಅಲ್ಲ ನಾನು! ಪರದೆಯಲ್ಲಿ ಈಗ ಉಳಿದದ್ದು ಗಾಳಿಗೆ ಬಾಗುತ್ತಿದ್ದ ಒಂದು ಬಿಳಿ ಹೊಗೆಯ ಎಳೆ ಮಾತ್ರ.

"ಬೆಂಕಿ... ಕೆಂಪಗ ಇತ್ತು ಅತ್ತಿ. ದೊಡ್ಡದು. ಸರ್ರಂತ..."

"ಕಣ್ಣ ಮುಚ್ಚಿದ್ದಿ."

"...ಮುಚ್ಚಿದ್ದೆ."

ಬೈಯುತ್ತಾಳೆ ಎಂದುಕೊಂಡೆ. ಅಷ್ಟು ವರ್ಷಗಳ ಕಾಯುವಿಕೆಯನ್ನು ಮೂರು ಎಣಿಸುವುದರೊಳಗೆ ಹಾಳುಮಾಡಿದವನನ್ನು ಬೈಯಬೇಕು ಕೂಡ. "ತಡಿ, ಅದನ್ನ ಮತ್ತ ಹಾಕತೇನಿ. ಈ ಸಲ ಖರೇನ ನೋಡಿ ಹೇಳತೇನಿ," ಎಂದು ಮೊಬೈಲಿಗೆ ಕೈ ಹಾಕಿದೆ. ಅತ್ತೆ ತಡಕಾಡಿ ಅದರ ಮೇಲೆ ತನ್ನ ಅಂಗೈ ಇಟ್ಟಳು.

"ಬ್ಯಾಡೋ ತಮ್ಮಾ. ಹದಿಮೂರು ವರ್ಷ ಕಾದು ಹೋಗ್ಯಾಳ. ಮತ್ತ ಕೆಳಗ ಇಳಿಸಬ್ಯಾಡ ಆಕೀನ್ನ."

ನಾನು ಅವಳ ಬೆರಳನ್ನು ಸರಿಯಾದ ಗೆರೆಯ ಮೇಲಿಟ್ಟೆ. ತಾರೀಖು ಬರೆದಳು. ಸ್ಥಳ: ಅಂತರಿಕ್ಷ. ಅಕ್ಷರಗಳು ಗೆರೆ ಬಿಟ್ಟು ಮೇಲಕ್ಕೆ ಹತ್ತಿದವು. ಷರಾ ಎಂಬ ಕಾಲಮಿನಲ್ಲಿ ತುಸು ತಡೆದು, ಒಂದೊಂದೇ ಅಕ್ಷರ ಬಿಡಿಸಿ ಬರೆದಳು: 'ಹೋಗಿರುತ್ತಾರೆ. ಹೋದದ್ದನ್ನು ಯಾರೂ ನೋಡಿರುವುದಿಲ್ಲ.'

ಆಮೇಲೆ ಅದರ ಕೆಳಗೆ ತನ್ನ ಸಹಿ ಮಾಡಿ, ಪೆನ್ನನ್ನು ನಾನಿದ್ದೇನೆ ಎಂದುಕೊಂಡ ಕಡೆಗೆ ಚಾಚಿದಳು.

"ನೀನೂ ಮಾಡು. ನೋಡದವ್ರು ಇಬ್ಬರ ಇದ್ವಿ."